ಕೈವಾರ ಮೊದಲು ಶಿಕ್ಷಕರ ಕೈಗೆ ಬರಲಿ

ಕಲೆಯ ಮೂಲಕ ಗಣಿತವನ್ನೂ ವಿನ್ಯಾಸದ ಮೂಲಕ ವಿಜ್ಞಾನವನ್ನೂ ಬೋಧಿಸಬೇಕೆಂಬ ಮಾತು ಇತ್ತೀಚೆಗೆ ಶಿಕ್ಷಕರ ತರಬೇತಿಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲಾ ಕಲಿಕೆಯ ಅವಿಭಾಜ್ಯ ಅಂಗವಾಗಿಸಬೇಕೆಂದು ಹೇಳಿತ್ತು. 2019ರಲ್ಲಿ ಆರಂಭವಾದ ‘ನಿಷ್ಠಾ’ ತರಬೇತಿಯಲ್ಲಿ ಕಲಾ ಸಂಯೋಜಿತ ಕಲಿಕೆಗೆಂದೇ ಒಂದು ಪಾಠಭಾಗವಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಪುನರುಚ್ಚರಿಸಿತು. ಆ ನೀತಿಯ ಬೇರೆ ಅಂಶಗಳ ಬಗ್ಗೆ ಎಷ್ಟೇ ಭಿನ್ನಾಭಿಪ್ರಾಯವಿರಲಿ, ಈ ಒಂದು ಅಂಶದಲ್ಲಿ ತಕರಾರಿಗೆ ಆಸ್ಪದವಿಲ್ಲ.

ಆದರೆ ತರಗತಿಯಲ್ಲಿ ನಡೆಯುತ್ತಿರುವುದೇನು? ಪೈಥಾಗೊರಸನ ಪ್ರಮೇಯವನ್ನು ಬಣ್ಣದ ಚಾರ್ಟಿನ ಮೇಲೆ ಬರೆದು ಸುತ್ತಲೂ ಹೂಬಳ್ಳಿ ಬಿಡಿಸಿದರೆ ಅದು ಕಲಾ ಸಂಯೋಜಿತ ಕಲಿಕೆ ಎನಿಸಿಕೊಳ್ಳುತ್ತದೆ. ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ರಾತ್ರಿ ತಂದೆ ಕುಳಿತು ಥರ್ಮಾಕೋಲಿನಲ್ಲಿ ಜ್ವಾಲಾಮುಖಿಯನ್ನು ಕೊರೆಯುತ್ತಾನೆ, ಮಗು ಮರುದಿನ ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಅದರ ಮುಂದೆ ನಿಂತು ಒಪ್ಪಿಸುತ್ತದೆ. ಹೂಬಳ್ಳಿಯನ್ನು ಅಳಿಸಿದರೂ ಪ್ರಮೇಯಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಕಲೆಯೂ ಕಲಿತದ್ದಾಗಲಿಲ್ಲ, ಗಣಿತವೂ ಕಲಿತದ್ದಾಗಲಿಲ್ಲ. ಇದಕ್ಕೆ ನಾನು ಶಿಕ್ಷಕರನ್ನು ದೂರುವುದಿಲ್ಲ. ತಾವೇ ಎಂದೂ ಕೈಯಿಂದ ಮಾಡಿ ಕಲಿಯದ ವಿಷಯವನ್ನು ಮಕ್ಕಳ ಕೈಯಿಂದ ಮಾಡಿಸಬೇಕೆಂದರೆ ಅವರಾದರೂ ಎಲ್ಲಿಂದ ತರಬೇಕು? ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಮಧ್ಯಾಹ್ನದ ಊಟ ಬಡಿಸಿ, ಸಂಜೆ ಪ್ರಮಾಣಪತ್ರ ಕೊಟ್ಟು ಕಳುಹಿಸುವ ಒಂದು ದಿನದ ತರಬೇತಿಯಿಂದ ಈಜು ಕಲಿತವರು ಯಾರೂ ಇಲ್ಲ. ರೇಖಾಗಣಿತವೂ ಈಜಿನ ಹಾಗೆಯೇ.

ಈ ಬೋಧನಾ ಕ್ರಮದಲ್ಲಿ ಎರಡು ಅಪಾಯಗಳಿವೆ. ಕಲೆ ಬರೀ ಅಲಂಕಾರವಾಗಿಬಿಡುವುದು ಒಂದು. ಇನ್ನೊಂದು ಅಷ್ಟಾಗಿ ಕಣ್ಣಿಗೆ ಬೀಳದ ಅಪಾಯ: ಮಕ್ಕಳು ಕತ್ತರಿಸುತ್ತಾರೆ, ಅಂಟಿಸುತ್ತಾರೆ, ಖುಷಿಪಡುತ್ತಾರೆ, ಆದರೆ ‘ಇದು ಹೀಗೇಕೆ?’ ಎಂಬ ಪ್ರಶ್ನೆ ಹುಟ್ಟುವ ಮೊದಲೇ ಗಂಟೆ ಬಾರಿಸುತ್ತದೆ. ಇವೆರಡಕ್ಕೂ ಉತ್ತರವನ್ನು ಸಾವಿರ ವರ್ಷಗಳ ಹಿಂದೆ ಬಗ್ದಾದಿನಲ್ಲಿ ಒಬ್ಬ ವಿದ್ವಾಂಸರು ಬರೆದಿಟ್ಟಿದ್ದಾರೆ. ಅವರನ್ನು ನಮ್ಮ ಶಿಕ್ಷಕರಿಗೆ ಪರಿಚಯಿಸಿದವರು ಕಡಿಮೆ.

ಅಬುಲ್ ವಫಾ ಅಲ್ ಬೂಝ್ಜಾನಿ 940ರಲ್ಲಿ ಖುರಾಸಾನ್ ಪ್ರಾಂತದಲ್ಲಿ ಹುಟ್ಟಿ, ಬಗ್ದಾದಿನಲ್ಲಿ ನೆಲೆಸಿ ಕೆಲಸ ಮಾಡಿದ ಗಣಿತಜ್ಞರು. ಕುಶಲಕರ್ಮಿಗಳಿಗೆ ಬೇಕಾಗುವ ರೇಖಾಗಣಿತ ರಚನೆಗಳ ಕುರಿತು ಅವರು ಅರಬಿಯಲ್ಲಿ ಒಂದು ಗ್ರಂಥ ರಚಿಸಿದರು. ಗಣಿತಜ್ಞರೂ ಕುಶಲಕರ್ಮಿಗಳೂ ಒಟ್ಟಿಗೆ ಕುಳಿತು ಚರ್ಚಿಸುತ್ತಿದ್ದ ಸಭೆಯೊಂದನ್ನು ಅವರು ಅದರಲ್ಲಿ ಪ್ರಸ್ತಾಪಿಸುತ್ತಾರೆ. ಅಲ್ಲಿ ಎದ್ದ ಪ್ರಶ್ನೆ ಇದು: ಸಮಾನ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ ಜೋಡಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ? ಹೆಂಚುಗಳನ್ನು ಕೂರಿಸುವವನಿಗೆ, ಮರದ ತುಂಡುಗಳನ್ನು ಜೋಡಿಸುವವನಿಗೆ ಇದು ನಿತ್ಯದ ಪ್ರಶ್ನೆ. ಗಣಿತಜ್ಞರು ದೊಡ್ಡ ಚೌಕದ ಬಾಹುವಿನ ಉದ್ದವನ್ನು ಸುಲಭವಾಗಿ ಎಳೆದು ತೋರಿಸಬಲ್ಲವರಾಗಿದ್ದರು. ಆದರೆ ಕುಶಲಕರ್ಮಿಗೆ ಅದರಿಂದ ತೃಪ್ತಿಯಿಲ್ಲ; ಅವನಿಗೆ ಕತ್ತರಿಸುವ ಗೆರೆ ಬೇಕು. ಕುಶಲಕರ್ಮಿಗಳು ತಮ್ಮದೇ ವಿಧಾನಗಳನ್ನು ಮುಂದಿಟ್ಟರು. ಅವುಗಳಲ್ಲಿ ಕೆಲವು ಕಣ್ಣಿಗೆ ಸರಿಯೆನಿಸುತ್ತಿದ್ದರೂ ಸಾಧನೆಯ ಮುಂದೆ ನಿಲ್ಲುತ್ತಿರಲಿಲ್ಲ.

ಅಂತಹ ಒಂದು ತಪ್ಪು ವಿಧಾನದಲ್ಲಿ ದೊಡ್ಡ ಚೌಕದ ಬಾಹು ಎಂದರೆ ಚಿಕ್ಕ ಚೌಕದ ಬಾಹು ಮತ್ತು ಅದರ ಕರ್ಣದ ಅರ್ಧ, ಇವೆರಡರ ಮೊತ್ತ. ಚಿಕ್ಕ ಚೌಕದ ಬಾಹು 10 ಸೆಂ.ಮೀ. ಎಂದಿಟ್ಟುಕೊಂಡರೆ ಮೊತ್ತ 17.07 ಸೆಂ.ಮೀ. ನಿಜವಾಗಿ ಬರಬೇಕಾದದ್ದು 300ರ ವರ್ಗಮೂಲ, ಅಂದರೆ 17.32. ವ್ಯತ್ಯಾಸ ಕಾಲು ಸೆಂಟಿಮೀಟರ್! ಕಣ್ಣು ಇದನ್ನು ಹಿಡಿಯಲಾರದು. ಆದರೆ ವಿಸ್ತೀರ್ಣದಲ್ಲಿ ಎಂಟೂವರೆ ಚದರ ಸೆಂಟಿಮೀಟರಿನಷ್ಟು ಕಾಗದ ಎಲ್ಲೋ ಕಾಣೆಯಾಗಿರುತ್ತದೆ. ಅದು ಎಲ್ಲಿ ಹೋಯಿತೆಂದು ಹುಡುಕುವ ಮಗುವಿಗೆ ವರ್ಗಮೂಲದ ಅಗತ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಅಬುಲ್ ವಫಾ ಕೊಟ್ಟ ಸರಿಯಾದ ವಿಧಾನವನ್ನು ಓದುಗರು ಈಗಲೇ ಕಾಗದ ತೆಗೆದುಕೊಂಡು ಮಾಡಿ ನೋಡಬಹುದು. ಮೂರು ಸಮಾನ ಚೌಕಗಳಲ್ಲಿ ಎರಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ನಾಲ್ಕು ತ್ರಿಭುಜಗಳು ಸಿಗುತ್ತವೆ. ಕತ್ತರಿಸದ ಚೌಕವನ್ನು ನಡುವೆ ಇಡಿ. ಪ್ರತಿ ತ್ರಿಭುಜದ ಉದ್ದನೆಯ ಬದಿಯನ್ನು ನಡುವಿನ ಚೌಕದ ಒಂದೊಂದು ಬದಿಗೆ ಹೊಂದಿಸಿ. ತ್ರಿಭುಜದ ಒಂದು ಚೂಪು ತುದಿ ಚೌಕದ ಮೂಲೆಗೆ ಸರಿಯಾಗಿ ಕೂರಲಿ, ಇನ್ನೊಂದು ತುದಿ ಆಚೆಗೆ ಚಾಚಿಕೊಂಡಿರಲಿ. ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಗಾಳಿಗಿರಕಿಯ ರೆಕ್ಕೆಗಳಂತೆ ಇಡಬೇಕು. ಈಗ ನಾಲ್ಕು ತ್ರಿಭುಜಗಳ ಲಂಬಕೋನದ ತುದಿಗಳನ್ನು ಗೆರೆಗಳಿಂದ ಸೇರಿಸಿ. ಗೆರೆಯ ಹೊರಗೆ ಉಳಿಯುವ ನಾಲ್ಕು ಚಿಕ್ಕ ಚೂರುಗಳನ್ನು ಕತ್ತರಿಸಿ ಒಳಗಿನ ನಾಲ್ಕು ಖಾಲಿ ಜಾಗಗಳಲ್ಲಿ ಇಟ್ಟರೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂರುತ್ತವೆ. ಏಕೆ ಕೂರುತ್ತವೆ? ಚೂರು ಮತ್ತು ಖಾಲಿ ಜಾಗ ಸರ್ವಸಮ ತ್ರಿಭುಜಗಳಾಗಿರುವುದರಿಂದ. ಒಂಬತ್ತನೆಯ ತರಗತಿಯ ಮಗು ಅದನ್ನು ಸಾಧಿಸಬಲ್ಲದು, ಆದರೆ ಕತ್ತರಿಸಿ ಜೋಡಿಸಿದ ಮೇಲೆ ಸಾಧಿಸುವುದಕ್ಕೂ ಗೈಡಿನಿಂದ ನಕಲು ಮಾಡಿ ಸಾಧಿಸುವುದಕ್ಕೂ ಅಜಗಜಾಂತರವಿದೆ.

ಆ ಸಭೆಯಲ್ಲಿ ಕೈಯೂ ಇತ್ತು, ಸಾಧನೆಯೂ ಇತ್ತು. ಅಬುಲ್ ವಫಾ ಕುಶಲಕರ್ಮಿಗಳ ತಪ್ಪನ್ನು ತಿದ್ದಿದ್ದು ಮಾತ್ರವಲ್ಲ, ಕತ್ತರಿಸುವ ಗೆರೆಯನ್ನು ಕೊಡದ ಗಣಿತಜ್ಞರ ಉತ್ತರ ಸಾಲದೆಂಬುದನ್ನೂ ಕಾಣಿಸಿದರು. ನಾವು ಶಿಕ್ಷಕರಿಗೆ ಕೊಡಬೇಕಾದ ತರಬೇತಿ ಈ ಸಭೆಯ ಮಾದರಿಯದಾಗಿರಬೇಕು ಎಂಬುದೇ ನನ್ನ ವಾದ.

ಮದ್ರಸದಲ್ಲಿ ಕಲಿತವರಿಗೆ ಇನ್ನೊಂದು ಉದಾಹರಣೆ ಬಹಳ ಹತ್ತಿರದ್ದು. ಅಸರ್ ನಮಾಝಿನ ಸಮಯವನ್ನು ಫಿಕ್‌ಹ್ ಗ್ರಂಥಗಳು ನೆರಳಿನಿಂದ ನಿರ್ಧರಿಸುತ್ತವೆ. ನಡುಹಗಲಿನ ನೆರಳನ್ನು ಕಳೆದು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಎಂದು ಶಾಫಿಈ ಮದ್‌ಹಬ್, ಅದರ ಎರಡು ಪಟ್ಟಾದಾಗ ಎಂದು ಹನಫಿ ಮದ್‌ಹಬ್. ಇದನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಮಕ್ಕಳು ಹತ್ತು ಗಂಟೆಗೆ ಶಾಲೆಗೆ ಹೋಗಿ ತ್ರಿಕೋನಮಿತಿಯ ‘ಟ್ಯಾನ್’ ಎಂಬ ಪದ ಕೇಳಿ ಹೆದರುತ್ತಾರೆ. ಅರಬಿ ಗಣಿತದಲ್ಲಿ ಆ ಟ್ಯಾನಿಗೆ ಇದ್ದ ಹೆಸರೇ ‘ಝಿಲ್ಲ್’, ಅಂದರೆ ನೆರಳು. ಮೇಲೆ ಹೇಳಿದ ಅಬುಲ್ ವಫಾ ಅವರೇ ಅದರ ಕೋಷ್ಟಕಗಳನ್ನೂ ರಚಿಸಿದ್ದರು. ಮದ್ರಸದ ನೆರಳೂ ಶಾಲೆಯ ಟ್ಯಾನೂ ಒಂದೇ ಎಂದು ಮಗುವಿಗೆ ಹೇಳುವವರು ಯಾರು? ಉಸ್ತಾದರಿಗೆ ಟ್ಯಾನ್ ಗೊತ್ತಿಲ್ಲ, ಗಣಿತದ ಮೇಷ್ಟ್ರಿಗೆ ಅಸರ್ ಗೊತ್ತಿಲ್ಲ.

ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟರೆ ಸಾಕು. ಮಂಗಳೂರಿನಿಂದ ಬೀದರಿನವರೆಗೆ, ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೆಯ ವಾರದೊಳಗೆ ಒಂದೊಂದು ಊರಿನಲ್ಲಿ ಒಂದೊಂದು ದಿನ ಸೂರ್ಯ ನೆತ್ತಿಯ ಮೇಲೆ ಬಂದು ನಡುಹಗಲಿನ ನೆರಳು ಇಲ್ಲವಾಗುತ್ತದೆ. ಅಂದು ನೆರಳು ಒಂದು ಮೀಟರ್ ಆದಾಗ ಸೂರ್ಯನ ಎತ್ತರದ ಕೋನ 45 ಡಿಗ್ರಿ. ಎರಡು ಮೀಟರ್ ಆದಾಗ ಸುಮಾರು 26.5 ಡಿಗ್ರಿ. ಮಕ್ಕಳು ನೆರಳಿನ ತುದಿಯನ್ನು ಅರ್ಧ ಗಂಟೆಗೊಮ್ಮೆ ಸುಣ್ಣದಿಂದ ಗುರುತಿಸಲಿ, ಬಿಂದುಗಳನ್ನು ಸೇರಿಸಲಿ, ಆಮೇಲೆ ಅದನ್ನೇ ಹಲಗೆಯ ಮೇಲೆ ನೆರಳು ಗಡಿಯಾರವಾಗಿ ವಿನ್ಯಾಸಗೊಳಿಸಲಿ. ದಮಸ್ಕಸ್‌ನ ಉಮವಿ ಮಸೀದಿಯಲ್ಲಿ ಸಮಯಪಾಲಕರಾಗಿದ್ದ ಇಬ್ನುಶ್ಶಾತಿರ್ 1371ರಲ್ಲಿ ಅಂತಹ ಒಂದು ದೊಡ್ಡ ನೆರಳು ಗಡಿಯಾರವನ್ನು ಅಮೃತಶಿಲೆಯಲ್ಲಿ ರೂಪಿಸಿದ್ದರು. ವಿನ್ಯಾಸವೆಂದರೆ ಅಂದಗೊಳಿಸುವುದೆಂದು ತಿಳಿದವರು ಅದನ್ನು ನೆನೆಯಬೇಕು: ಅದರಲ್ಲಿನ ಒಂದೊಂದು ಗೆರೆಯೂ ಲೆಕ್ಕದಿಂದ ಬಂದದ್ದು.

ದೂರದ ದಮಸ್ಕಸ್ ಏಕೆ, ನಮ್ಮ ನಾಡಿನಲ್ಲೇ ಎಷ್ಟು ಪಾಠಗಳು ಕಲ್ಲಿನಲ್ಲಿ ನಿಂತಿವೆ! ವಿಜಯಪುರದ ಗೋಲ್ ಗುಂಬಜಿಗೆ ಶಾಲಾ ಪ್ರವಾಸ ಹೋದ ಮಕ್ಕಳು ಮೇಲೆ ಹತ್ತಿ ಕೂಗಿ ಪ್ರತಿಧ್ವನಿ ಕೇಳಿ ಇಳಿದು ಬರುತ್ತಾರೆ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟ ನಡುವೆ ಒಂದೇ ಒಂದು ಕಂಬವಿಲ್ಲದೆ ಚೌಕಾಕಾರದ ಕಟ್ಟಡದ ಮೇಲೆ ಹೇಗೆ ಕುಳಿತಿದೆ ಎಂದು ಕೇಳುವ ಶಿಕ್ಷಕರು ಬೇಕು. ಒಂದು ಚೌಕವನ್ನು ಎಳೆದು, ಅದರ ಮೇಲೆ ಅಷ್ಟೇ ಅಳತೆಯ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಎಳೆದರೆ ನಡುವೆ ಅಷ್ಟಭುಜವೊಂದು ಮೂಡುತ್ತದೆ. ಗೋಲ್ ಗುಂಬಜಿನ ಒಳಗೆ ಪರಸ್ಪರ ಛೇದಿಸುವ ಕಮಾನುಗಳು ಇದೇ ತರ್ಕದಲ್ಲಿ ಚೌಕವನ್ನು ವೃತ್ತದತ್ತ ಕೊಂಡೊಯ್ಯುತ್ತವೆ. ಹೋಗುವ ಮೊದಲು ತರಗತಿಯಲ್ಲಿ ಆ ಚಿತ್ರವನ್ನು ಎಳೆದು ಹೋದ ಮಗು ಅಲ್ಲಿ ನಿಂತು ತಲೆಯೆತ್ತಿದಾಗ ಕಾಣುವುದೇ ಬೇರೆ. ಪ್ರತಿಧ್ವನಿಯೂ ಅಷ್ಟೇ. ಬಾಗಿದ ಗೋಡೆಯಿಂದ ಶಬ್ದ ಹೇಗೆ ಹಿಂದಿರುಗುತ್ತದೆಂಬುದನ್ನು ಗೆರೆ ಎಳೆದು ನೋಡಿದವನು ಅಲ್ಲಿ ಕೂಗುವುದಿಲ್ಲ, ಪಿಸುಗುಟ್ಟಿ ಕಿವಿಗೊಡುತ್ತಾನೆ.

ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಒಂದು ಕಾಲದಲ್ಲಿ ದಖ್ಖನಿನ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಆ ಮದ್ರಸದ ಗೋಡೆಯ ಮೇಲೆ ಇಂದಿಗೂ ಉಳಿದಿರುವ ಬಣ್ಣದ ಹೆಂಚಿನ ಚೂರುಗಳಲ್ಲಿ ಸಮಮಿತಿಯ ಪಾಠವಿದೆ. ಅದೇ ಊರಿನ ಬಿದ್ರಿ ಕಲೆಯಲ್ಲಿ ರಸಾಯನ ವಿಜ್ಞಾನವಿದೆ. ಬಿದ್ರಿ ಪಾತ್ರೆ ಸತುವೇ ಹೆಚ್ಚಾಗಿ ತಾಮ್ರ ಸ್ವಲ್ಪವೇ ಇರುವ ಮಿಶ್ರಲೋಹ. ಅದರಲ್ಲಿ ಕೊರೆದ ಗೆರೆಗಳಿಗೆ ಬೆಳ್ಳಿಯನ್ನು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಲೇಪದಿಂದ ತಿಕ್ಕುತ್ತಾರೆ. ಪಾತ್ರೆ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಒಂದೇ ಲೇಪ, ಒಂದೇ ಬಿಸಿ, ಎರಡು ಲೋಹಗಳು ಬೇರೆ ಬೇರೆಯಾಗಿ ವರ್ತಿಸಿದ್ದೇಕೆ? ಹತ್ತನೆಯ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಬರುವ ಕ್ರಿಯಾಶೀಲತೆಯ ಶ್ರೇಣಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ತಿಳಿದಿಲ್ಲ. ಬೀದರಿನ ಶಿಕ್ಷಕರಿಗೇ ಕುಶಲಕರ್ಮಿಯ ಅಂಗಡಿಯಲ್ಲಿ ಒಂದು ದಿನ ಕುಳಿತುಕೊಳ್ಳುವ ಅವಕಾಶವನ್ನು ತರಬೇತಿ ಒದಗಿಸಿಕೊಡಬೇಡವೇ?

ನಮ್ಮ ಮನೆಗಳತ್ತಲೂ ನೋಡಬೇಕು. ಈ ಸಮುದಾಯದಲ್ಲಿ ಎಷ್ಟೋ ತಾಯಂದಿರು ಹೊಲಿಗೆ ಯಂತ್ರದಿಂದ ಸಂಸಾರ ನಡೆಸುತ್ತಿದ್ದಾರೆ. ಅಂಬ್ರೆಲಾ ಕಟ್ ಲಂಗ ಕತ್ತರಿಸುವಾಗ ಬಟ್ಟೆಯ ನಡುವೆ ಸೊಂಟಕ್ಕೆಂದು ವೃತ್ತ ಕತ್ತರಿಸಬೇಕಷ್ಟೆ? ಸೊಂಟದ ಸುತ್ತಳತೆ 66 ಸೆಂ.ಮೀ. ಇದ್ದರೆ ಆ ವೃತ್ತದ ತ್ರಿಜ್ಯ ಎಷ್ಟಿರಬೇಕು? ಹತ್ತೂವರೆ. ಪೈ ಎಂಬ ಅಕ್ಷರದ ಪರಿಚಯವಿಲ್ಲದ ತಾಯಿ ಬಟ್ಟೆ ಹಾಳಾಗದಂತೆ ಅದನ್ನು ಕತ್ತರಿಸುತ್ತಾಳೆ. ಒಳಗಿನ ಕೋಣೆಯಲ್ಲಿ ಮಗಳು ವೃತ್ತದ ಪರಿಧಿಯ ಸೂತ್ರವನ್ನು ಉರುಹೊಡೆದು ಪರೀಕ್ಷೆಯಲ್ಲಿ ಮರೆಯುತ್ತಾಳೆ. ಗಾರೆ ಕೆಲಸದವರು ಮೂಲೆಮಟ್ಟ ಇಲ್ಲದಿದ್ದಾಗ ದಾರದಲ್ಲಿ ಮೂರು, ನಾಲ್ಕು, ಐದು ಅಡಿ ಅಳೆದು ಲಂಬಕೋನ ಹಿಡಿಯುತ್ತಾರೆ. ಅವರಲ್ಲಿ ಹಲವರು ‘ಲೆಕ್ಕ ತಲೆಗೆ ಹತ್ತಲಿಲ್ಲ’ ಎಂದು ಶಾಲೆ ಬಿಟ್ಟವರು. ಶಾಲೆ ಲೆಕ್ಕವನ್ನು ಅವರ ಕೈಯ ಮೂಲಕ ತಲೆಗೆ ತಲುಪಿಸಲು ಎಂದಾದರೂ ಪ್ರಯತ್ನಿಸಿತ್ತೇ? ಹೆಣ್ಣುಮಕ್ಕಳ ಗೋರಂಟಿಯ ವಿನ್ಯಾಸದಲ್ಲಿ, ಪಕ್ಕದ ಮನೆಯ ಅಂಗಳದ ಚುಕ್ಕಿ ರಂಗೋಲಿಯಲ್ಲಿ, ಮಸೀದಿಯ ಜಾಲಂಧ್ರದಲ್ಲಿ ಇರುವ ಗಣಿತ ಒಂದೇ. ಮೂರನ್ನೂ ಒಂದೇ ತರಗತಿಯಲ್ಲಿ ಹರಡಿ, ಯಾವುದನ್ನು ಎಷ್ಟು ಡಿಗ್ರಿ ತಿರುಗಿಸಿದರೆ ಮತ್ತೆ ಮೊದಲಿನಂತೆಯೇ ಕಾಣುತ್ತದೆ ಎಂದು ಕೇಳಿದರೆ ಮಕ್ಕಳು ಗಣಿತವನ್ನಷ್ಟೇ ಕಲಿಯುವುದಿಲ್ಲ.

ನಮ್ಮವರು ಎತ್ತುವ ಆಕ್ಷೇಪವೊಂದಿದೆ: ಚಿತ್ರ ಬಿಡಿಸುವುದು ಧರ್ಮಸಮ್ಮತವೇ? ಜೀವಿಗಳ ಚಿತ್ರದ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇದೆ, ಅದನ್ನು ಇಲ್ಲಿ ಬಗೆಹರಿಸುವ ಅಗತ್ಯವೇ ಇಲ್ಲ. ನಾನು ಹೇಳುತ್ತಿರುವುದು ವೃತ್ತ, ಚೌಕ, ನಕ್ಷತ್ರಾಕೃತಿ, ನೆರಳು, ಲೋಹ, ಬಟ್ಟೆಗಳ ಬಗ್ಗೆ. ಶತಮಾನಗಳ ಕಾಲ ಮಸೀದಿಯ ಗೋಡೆಗಳೇ ಧರಿಸಿದ್ದ ಕಲೆಗೆ ಮಸೀದಿಯ ಪಕ್ಕದ ತರಗತಿಯಲ್ಲಿ ಜಾಗವಿಲ್ಲವೆನ್ನುವುದು ವಿಪರ್ಯಾಸ. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಕುರ್‌ಆನಿನ ವಚನಗಳನ್ನು ಮೂಡಿಸಿದ್ದಾರೆ. ಬೆಳಕು ಆ ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ. ಚಿಕ್ಕ ರಂಧ್ರದ ಮೂಲಕ ಕತ್ತಲ ಕೋಣೆಗೆ ಬರುವ ಬೆಳಕನ್ನು ಪರೀಕ್ಷಿಸಿ ದೃಗ್ವಿಜ್ಞಾನಕ್ಕೆ ಅಡಿಪಾಯ ಹಾಕಿದ ಇಬ್ನುಲ್ ಹೈಸಮರ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಸ್ಥಳ ಯಾವುದು?

ಇನ್ನು ಅಂಕಗಳ ಚಿಂತೆ. ಎಸ್ಸೆಸ್ಸೆಲ್ಸಿ ಮುಂದಿರುವಾಗ ಕತ್ತರಿ, ಕಾಗದ ಹಿಡಿದು ಕೂರಲು ಸಮಯವೆಲ್ಲಿ ಎಂದು ಪೋಷಕರು ಕೇಳುತ್ತಾರೆ. ಚಿಂತೆ ನ್ಯಾಯವಾದದ್ದೇ. ಎಲ್ಲ ಪಾಠಕ್ಕೂ ಕೈಕೆಲಸ ಹೊಂದುವುದಿಲ್ಲ; ಬೀಜಗಣಿತದ ಎಷ್ಟೋ ಭಾಗವನ್ನು ಕರಿಹಲಗೆಯ ಮುಂದೆಯೇ ತಾಳ್ಮೆಯಿಂದ ಕಲಿಯಬೇಕು. ಎಲ್ಲಕ್ಕೂ ಬಲವಂತವಾಗಿ ಕಲೆಯನ್ನು ಅಂಟಿಸಿದರೆ ಮತ್ತೆ ಹೂಬಳ್ಳಿಗೇ ಬಂದು ನಿಲ್ಲುತ್ತೇವೆ. ಯಾವ ಪಾಠಕ್ಕೆ ಕೈ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವ ವಿವೇಕ ಶಿಕ್ಷಕರಿಗೆ ಬರಬೇಕು. ಅದು ಸುತ್ತೋಲೆಯಿಂದ ಬರುವುದಿಲ್ಲ, ತಾವೇ ಹತ್ತಿಪ್ಪತ್ತು ಪಾಠಗಳನ್ನು ಮಾಡಿ ನೋಡಿದಾಗ ಬರುತ್ತದೆ. ಖರ್ಚಿನ ಮಾತಂತೂ ನೆಪವಷ್ಟೆ. ಮದರಾಸಿನಲ್ಲಿ 1893ರಲ್ಲೇ ಟಿ. ಸುಂದರ ರಾವ್ ಎಂಬವರು ಕಾಗದ ಮಡಚುವುದರಿಂದಲೇ ರೇಖಾಗಣಿತ ಕಲಿಸುವ ಪುಸ್ತಕ ಪ್ರಕಟಿಸಿ ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನರ ಗಮನ ಸೆಳೆದಿದ್ದರು. ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ, ತ್ರಿಭುಜ ಅಲುಗಾಡದು, ಚೌಕ ಮಾತ್ರ ವಾಲುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳ ಕೈಗೆ ಕೊಟ್ಟರು. ಸೇತುವೆಗಳಲ್ಲಿ, ಮಾಡಿನ ತೊಲೆಗಳಲ್ಲಿ ತ್ರಿಭುಜಗಳೇ ಏಕೆ ಎಂಬುದಕ್ಕೆ ಆ ಎರಡು ಆಟಿಕೆಗಳೇ ಉತ್ತರ.

ನಮ್ಮ ಸಮುದಾಯದ ಶಿಕ್ಷಣ ಸಂಸ್ಥೆಗಳು ಸರಕಾರದ ತರಬೇತಿಗಾಗಿ ಕಾಯಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಮೂರು ದಿನ, ಮೂವತ್ತು ಮಂದಿ ಸಾಕು: ಅರ್ಧದಷ್ಟು ಶಾಲೆಯ ಗಣಿತ, ವಿಜ್ಞಾನ ಶಿಕ್ಷಕರು, ಉಳಿದರ್ಧ ಮದ್ರಸದ ಉಸ್ತಾದರು. ಅವರ ನಡುವೆ ಒಬ್ಬ ಹೊಲಿಗೆಯ ತಾಯಿ, ಒಬ್ಬ ಮರಗೆಲಸದವರು, ಒಬ್ಬ ಟೈಲ್ಸ್ ಕೂರಿಸುವವರು. ಇವರು ನೋಡಲು ಬಂದವರಾಗಿರದೆ ಕಲಿಸಲು ಬಂದವರಾಗಿ, ಸಂಭಾವನೆ ಸಮೇತ. ಪರದೆ, ಭಾಷಣ, ಉದ್ಘಾಟನೆ ಬೇಡ. ಮೊದಲ ದಿನ ಅಬುಲ್ ವಫಾರ ಮೂರು ಚೌಕ, ಕೈವಾರದಿಂದ ಷಡ್ಭುಜ, ಅಷ್ಟಭುಜ, ಜಾಲಂಧ್ರ. ಮಾಡಿದ ಪ್ರತಿಯೊಂದಕ್ಕೂ ಅಲ್ಲೇ ಸಾಧನೆ ಬರೆದ ಮೇಲೆಯೇ ಚಹಾ. ಎರಡನೆಯ ದಿನ ಅಂಗಳದಲ್ಲಿ ನೆರಳು. ಮೂರನೆಯ ದಿನ ವುಝೂ ಮಾಡುವ ನಳದಿಂದ ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೆಂದು ಅಳೆದು, ಆ ನೀರನ್ನು ತೋಟಕ್ಕೆ ತಿರುಗಿಸುವ ವ್ಯವಸ್ಥೆಯ ನಕ್ಷೆ. ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ವರ್ಷವಿಡೀ ಹೇಳುವ ಉಸ್ತಾದರು ಆ ದಿನ ಲೀಟರಿನ ಲೆಕ್ಕವನ್ನೂ ಹಿಡಿಯಲಿ. ಮೂರೂ ದಿನ ಸೇರಿ ತಲಾ ಬೇಕಾಗುವುದು ಕೈವಾರ, ಅಳತೆಪಟ್ಟಿ, ಕತ್ತರಿ, ಒಂದು ಕಟ್ಟು ಕಾಗದ. ಮೂರು ತಿಂಗಳ ನಂತರ ಅದೇ ಮೂವತ್ತು ಮಂದಿ ತಮ್ಮ ಮಕ್ಕಳು ಮಾಡಿದ್ದನ್ನು, ಮುಖ್ಯವಾಗಿ ಸರಿಹೊಂದದೆ ಹೋದದ್ದನ್ನು, ತಂದು ಮತ್ತೆ ಒಂದು ದಿನ ಕೂಡಬೇಕು.

ಜಮಾಅತಿನ ಸಭಾಂಗಣ ರಜೆಯಲ್ಲಿ ಹೇಗೂ ಖಾಲಿಯಿರುತ್ತದೆ. ಮದುವೆಗಳಿಲ್ಲದ ಮೂರು ದಿನಗಳನ್ನು ನೋಡಿ ಈಗಲೇ ಕಾದಿರಿಸಿದರೆ ಉತ್ತಮ.